ನಾಲ್ಕು ಬಂಗುಡೆ
6 ನವೆಂಬರ್ 2024, ಬುಧವಾರ

ಸಂಜೆ ಅಪ್ಪನ ಜೊತೆ ಸಣ್ಣ ಜಟಾಪಟಿ. ಕಾರಣ ನಾಲ್ಕು ಬಂಗುಡೆ.

ಅಪ್ಪನ ರಕ್ತ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಕೊಬ್ಬು, ಜಾಸ್ತಿ ಬಂದಾಗಿನಿಂದ ಮನೆಯಲ್ಲಿ ರವಾ ಫ್ರೈ ಬಂದ್. ಡಾಕ್ಟರು ಮೀನು ಬಿಡಿ ಅನ್ನಲಿಲ್ಲ, ಎಣ್ಣೆ ಬಿಡಿ ಅಂದರು. ಹಾಗಾಗಿ ಹಿತ್ತಲಲ್ಲಿ ತೆಂಗಿನ ಗೆರಟೆ ಕೆಂಡ ಮಾಡಿಕೊಂಡು ಕೂತೆ. ಮೆಣಸು, ಅರಿಶಿನ, ಹುಣಸೆ, ಬೆಳ್ಳುಳ್ಳಿ ಅರೆದು ಹಚ್ಚಿ, ಬಾಡಿಸಿದ ಬಾಳೆ ಎಲೆಯಲ್ಲಿ ಸುತ್ತಿದೆ. ಎಣ್ಣೆ ಒಂದು ಹನಿಯೂ ಇಲ್ಲ. ಬಂಗುಡೆಗೆ ಅದರದ್ದೇ ಕೊಬ್ಬು ಸಾಕು.

ಅಪ್ಪ ಕುರ್ಚಿ ಎಳೆದುಕೊಂಡು ಬಂದರು. "ಎಲೆ ಯಾಕೆ? ನಿನ್ನ ಅಜ್ಜಿ ಸೀದಾ ಕೆಂಡದ ಮೇಲೇ ಇಡ್ತಿದ್ರು."

"ಹಾಗಿಟ್ರೆ ಕೊಬ್ಬೆಲ್ಲ ಕೆಂಡಕ್ಕೆ ತೊಟ್ಟಿಕ್ಕುತ್ತೆ ಅಪ್ಪ. ಹೃದಯಕ್ಕೆ ಒಳ್ಳೇದು ಅನ್ನೋ ಒಮೇಗಾ-3 ಇರೋದೇ ಅದರಲ್ಲಿ. ಆ ಹೊಗೆ ಮೀನಿಗೆ ಮೆತ್ತಿಕೊಳ್ಳೋದೂ ಒಳ್ಳೇದಲ್ಲ."

"ಕೊಬ್ಬು ಜಾಸ್ತಿ ಆಯ್ತು ಅಂತ ನನ್ನ ಫ್ರೈ ನಿಲ್ಲಿಸಿ, ಈಗ ಕೊಬ್ಬು ಉಳಿಸ್ತಿದ್ದೀಯಾ?"

"ಇದು ಬೇರೆ ಕೊಬ್ಬು. ಹುರಿದ್ರೆ ಇದು ಸ್ವಲ್ಪ ಬಾಣಲೆಗೆ ಹೋಗಿ, ಬಾಣಲೆಯ ಎಣ್ಣೆ ಮೀನಿಗೆ ಬರುತ್ತೆ."

ನಕ್ಕರು. "ಅಜ್ಜಿಗೆ ಇದೆಲ್ಲ ಎಲ್ಲಿ ಗೊತ್ತಿತ್ತು? ಮನೇಲಿ ಎಣ್ಣೆ ಇರ್ಲಿಲ್ಲ, ಅಷ್ಟೇ. ಬಚ್ಚಲ ಒಲೆಯ ಕೆಂಡ ಪುಕ್ಕಟೆ. ಬೂತಾಯಿ ಮೀನು ಸುಟ್ಟು ಗಂಜಿ ಜೊತೆ ಕೊಡ್ತಿದ್ರು. ಫ್ರೈ ಅಂದ್ರೆ ನೆಂಟರು ಬಂದಾಗ ಮಾತ್ರ."

ಎಲೆ ಬಿಚ್ಚಿದ್ದೇ ತಡ, ಕರಿಕಲಾದ ಚರ್ಮವನ್ನೇ ಮೊದಲು ಬಾಯಿಗಿಟ್ಟರು. ಕರಿ ತೆಗೆದು ತಿನ್ನಿ ಅಂದೆ. ಕೇಳಲಿಲ್ಲ. 100 ಗ್ರಾಂ ಬಂಗುಡೆಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್, ಜೊತೆಗೆ ಬಿ12 ಅಂತ ನಾನು ಪಾಠ ಶುರು ಮಾಡುವಷ್ಟರಲ್ಲಿ ಎರಡನೇ ಮೀನಿನ ಮುಳ್ಳಷ್ಟೇ ಉಳಿದಿತ್ತು.

ಏಳುವಾಗ ನೋಡಿದೆ. ಬಲಗಾಲಿನ ಹೆಬ್ಬೆರಳು ಊರಲಿಲ್ಲ.

"ಏನಿಲ್ಲ, ಚಪ್ಪಲಿ ಕಚ್ಚಿದೆ."

ಮೂರು ದಿನದಿಂದ ಅದೇ ಚಪ್ಪಲಿ ಕಚ್ಚುತ್ತಿದೆ. ಬಂಗುಡೆ, ಬೂತಾಯಿಯಲ್ಲಿ ಪ್ಯೂರಿನ್ ಅನ್ನೋ ಅಂಶ ಜಾಸ್ತಿ. ಮೈಯಲ್ಲಿ ಅದು ಒಡೆದು ಯೂರಿಕ್ ಆಸಿಡ್ ಆಗುತ್ತೆ, ಅದು ಜಾಸ್ತಿಯಾದರೆ ಹೆಬ್ಬೆರಳಿನ ಗಂಟಿನಲ್ಲಿ ಕೂತು ನೋಯಿಸಬಹುದು. ಹುರಿಯದೆ ಸುಟ್ಟೆ ಅಂತ ಪ್ಯೂರಿನ್ ಏನು ಬಿಟ್ಟು ಹೋಗುತ್ತಾ? ಹೃದಯಕ್ಕೆ ಅಂತ ಇಷ್ಟು ಮುತುವರ್ಜಿಯಿಂದ ಎಲೆಯಲ್ಲಿ ಕಟ್ಟಿ ಕೊಟ್ಟಿದ್ದು ಹೆಬ್ಬೆರಳಿಗೆ...

ನಾಳೆ ಬೆಳಿಗ್ಗೆ ಪರೀಕ್ಷೆಗೆ ಕರೆದುಕೊಂಡು ಹೋಗಬೇಕು. ಇನ್ನೂ ಹೇಳಿಲ್ಲ. ಉಳಿದ ಎರಡು ಬಂಗುಡೆ ಫ್ರಿಜ್ಜಲ್ಲಿ ಇಟ್ಟೆಯಾ ಅಂತ ಒಳಗಿಂದ ಕೂಗುತ್ತಿದ್ದಾರೆ.