ದಾಸವಾಳದ ಎಸಳು ಯಾವ ಕಡೆ ಸುತ್ತಿದೆ? ಸಸ್ಯಚಿತ್ರದ ಮೇಜಿನಿಂದ ಕೆಲವು ಪಾಠ

ಸಸ್ಯಚಿತ್ರ, ಅಂದರೆ ಸಸ್ಯಶಾಸ್ತ್ರಕ್ಕಾಗಿ ಗಿಡವನ್ನು ಇದ್ದಂತೆಯೇ ಬರೆಯುವುದನ್ನು ಕಲಿಯಲು ಬರುವವರ ಮುಂದೆ ನಾವು ಮೊದಲು ಇಡುವುದು ಕೆಂಪು ದಾಸವಾಳ. ಎಲ್ಲರೂ ಚಿಕ್ಕಂದಿನಿಂದ ಬಿಡಿಸಿದ ಹೂವು, ಅದಕ್ಕೇ ಎಲ್ಲರೂ ತಪ್ಪುತ್ತಾರೆ. ಅವರ ಚಿತ್ರದಲ್ಲಿ ಒಂದು ಎಸಳು ಎಡಬಲದ ಎರಡೂ ಎಸಳುಗಳ ಮೇಲೆ ಬಂದು ಕೂತಿರುತ್ತದೆ, ಇನ್ನೊಂದು ಎರಡರ ಅಡಿಗೂ ಸೇರಿಕೊಂಡಿರುತ್ತದೆ. ದಾಸವಾಳದ ಜೋಡಣೆ ಹಾಗಿಲ್ಲ. ಪ್ರತಿ ಎಸಳಿನ ಒಂದು ಅಂಚು ಪಕ್ಕದ್ದರ ಮೇಲೆ, ಇನ್ನೊಂದು ಅಂಚು ಆಚೆಯದರ ಅಡಿಗೆ. ಐದೂ ಒಂದೇ ದಿಕ್ಕಿಗೆ ಸುತ್ತಿಕೊಂಡಿರುತ್ತವೆ. ಮೊಗ್ಗನ್ನು ತುದಿಯಿಂದ ನೋಡಿದರೆ ಈ ಸುತ್ತು ಸ್ಪಷ್ಟವಾಗಿ ಕಾಣುತ್ತದೆ. ಒಂದೇ ಗಿಡದಲ್ಲಿ ಒಂದು ಹೂವು ಬಲಕ್ಕೆ, ಇನ್ನೊಂದು ಎಡಕ್ಕೆ ಸುತ್ತಿರುವುದೂ ಉಂಟು. ಹಾಗಾಗಿ ನಿನ್ನೆಯ ಹೂವಿನ ನೆನಪು ಇವತ್ತಿನ ಚಿತ್ರಕ್ಕೆ ಬಾರದು.

ಪೆನ್ಸಿಲ್ ಹಿಡಿಯುವ ಮೊದಲು ಎಣಿಸಿ ಬರೆದಿಟ್ಟುಕೊಳ್ಳಬೇಕು. ಎಸಳು ಐದು. ನಡುವಿನ ಉದ್ದ ಕೊಳವೆಯ ಸುತ್ತ ಹತ್ತಾರು ಕೇಸರ, ಅದರ ತುದಿಯಿಂದ ಹೊರಚಾಚಿದ ಶಲಾಕಾಗ್ರ (ಪರಾಗ ಅಂಟುವ ತುದಿ) ಐದು. ಹೂವಿನ ಹಿಂಬದಿ ಹಸಿರು ಪುಷ್ಪಪಾತ್ರೆಗೆ ಐದು ಹಲ್ಲು. ಅದಕ್ಕೂ ಕೆಳಗೆ ಸಣ್ಣ ಪಟ್ಟಿಗಳ ಇನ್ನೊಂದು ಸುತ್ತಿದೆ, ಅದನ್ನು ಎಣಿಸದೆ ಬಿಡುವವರೇ ಹೆಚ್ಚು. ಎಲೆತೊಟ್ಟಿನ ಬುಡದಲ್ಲಿ ಎರಡು ಕಿರಿದಾದ ಉಪಪತ್ರಗಳು, ಅಂದರೆ ಎಲೆಯಂಥ ಸಣ್ಣ ಎಳೆಗಳು, ಇರುತ್ತವೆ, ಅವು ಬೇಗ ಉದುರುವುದರಿಂದ ಎಳೆ ಕೊಂಬೆಯಲ್ಲಿ ಹುಡುಕಬೇಕು. ಎಲೆಯಂಚಿನ ಗರಗಸದ ಹಲ್ಲು ಬುಡದವರೆಗೂ ಬರುವುದಿಲ್ಲ, ಕೆಳಭಾಗ ನಯವಾಗಿರುತ್ತದೆ. ಸಸ್ಯಶಾಸ್ತ್ರಜ್ಞರು ಚಿತ್ರದಲ್ಲಿ ಮೊದಲು ಹುಡುಕುವುದು ಇಂಥವನ್ನೇ. ನೆರಳು ಎಷ್ಟು ಚೆನ್ನಾಗಿ ಬಂದಿದೆ ಎಂದು ಅವರು ಕೇಳುವುದು ಅಪರೂಪ.

ಯಾವುದನ್ನು ಮೊದಲು ಬರೆಯಬೇಕೆಂದು ಗಿಡವೇ ನಿರ್ಧರಿಸುತ್ತದೆ. ದಾಸವಾಳವನ್ನು ನೀರಿಗೆ ಹಾಕಿದರೂ ಹಾಕದಿದ್ದರೂ ಸಂಜೆಗೆ ಮುದುಡುತ್ತದೆ, ಆದ್ದರಿಂದ ಬೆಳಗ್ಗೆ ಹೂವು, ಆಮೇಲೆ ಮೊಗ್ಗು, ಕೊನೆಗೆ ಎಲೆ. ಎರಡು ಹೂವು ಕೊಯ್ಯಬೇಕು: ಒಂದು ಬರೆಯಲಿಕ್ಕೆ, ಒಂದು ಸೀಳಲಿಕ್ಕೆ. ಕೊಂಬೆಯನ್ನು ಒದ್ದೆ ಪೇಪರಿನಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟರೆ ಎಲೆ ಮರುದಿನಕ್ಕೂ ಬಾಡುವುದಿಲ್ಲ. ಫ್ರೀಜರಿನಲ್ಲಿಟ್ಟರೆ ಕಪ್ಪಾಗುತ್ತದೆ. ಬರೆಯುವಾಗ ಫ್ಯಾನ್ ಆರಿಸಿ.

ಅಳತೆಗೆ ಡಿವೈಡರ್ (ಎರಡೂ ಕಾಲಿಗೆ ಮೊನೆಯಿರುವ ಕೈವಾರ) ಸಾಕು. ತೋಳು ಚಾಚಿ ಒಂದು ಕಣ್ಣು ಮುಚ್ಚಿ ಪೆನ್ಸಿಲಿನಲ್ಲಿ ಅಳೆಯುವುದು ಕೋಣೆಗೂ ಕಟ್ಟಡಕ್ಕೂ ಸರಿ. ಕೈಯಲ್ಲಿರುವ ಕೊಂಬೆಗೆ ಡಿವೈಡರನ್ನು ನೇರವಾಗಿ ಗಿಡಕ್ಕೇ ಹಿಡಿದು ಕಾಗದಕ್ಕೆ ಇಳಿಸಬಹುದು. ಮೊದಲು ಕಾಂಡದ ಓಟ, ಅದರ ಮೇಲೆ ಎಲೆ ಹೊರಡುವ ಗಿಣ್ಣುಗಳ ಗುರುತು, ಆಮೇಲೆ ತೊಟ್ಟಿನ ಕೋನ. ಎಲೆಯಲ್ಲಿ ಅಂಚಿನಿಂದ ಶುರು ಮಾಡಬೇಡಿ. ನಡುನರವನ್ನು ಬುಡದಿಂದ ತುದಿಯವರೆಗೆ ಒಂದೇ ಗೆರೆಯಲ್ಲಿ ಎಳೆಯಿರಿ; ಎಲೆ ಮಡಿಸಿಕೊಂಡು ಮರೆಯಾದ ಜಾಗದಲ್ಲೂ ತೆಳುವಾಗಿ ಎಳೆದಿಡಿ. ನೋಡುವವರ ಕಡೆಗೆ ಮಡಿಸಿಕೊಂಡ ಎಲೆ ಹೊಸಬರ ಚಿತ್ರದಲ್ಲಿ ಮುರಿದಂತೆ ಕಾಣುವುದು ಇಲ್ಲಿ ಎಡವಿದಾಗಲೇ: ಮಡಿಕೆಯ ಆಚೆಯ ನರಕ್ಕೂ ಈಚೆಯದಕ್ಕೂ ಸಂಬಂಧ ತಪ್ಪಿ, ಎರಡು ಅಂಚುಗಳು ತುದಿಯಲ್ಲಿ ಕೂಡುವುದೇ ಇಲ್ಲ.

ಮೊಬೈಲ್ ಫೋಟೋದ ಮೇಲೆ ಟ್ರೇಸ್ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಒಂದು ಗೇಣಿನಿಂದ ತೆಗೆದ ಫೋಟೋದಲ್ಲಿ ಹತ್ತಿರದ ಎಸಳು ಊದಿಕೊಂಡಿರುತ್ತದೆ, ಹಿಂದಿನದು ಕುಗ್ಗಿರುತ್ತದೆ. ಮುದುಡುವ ಹೂವಿನ ಗುರುತಿಗೆ ಫೋಟೋ ಬೇಕೇ ಬೇಕು ಎನ್ನುವುದಾದರೆ ಮೀಟರಿನಷ್ಟು ದೂರ ನಿಂತು ಜೂಮ್ ಮಾಡಿ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇರಲಿ. ಅಳತೆ ಮಾತ್ರ ಹೂವಿನಿಂದಲೇ.

ಇನ್ನು ಶಾಯಿ. ಪತ್ರಿಕೆಯಲ್ಲಿ ಚಿತ್ರ 12 ಸೆಂ.ಮೀ. ಅಗಲಕ್ಕೆ ಬರುವುದಾದರೆ ನಾವು 18 ಸೆಂ.ಮೀ.ಗೆ, ಅಂದರೆ ಒಂದೂವರೆ ಪಟ್ಟು ದೊಡ್ಡದಾಗಿ ಬರೆಯುತ್ತೇವೆ. ಕುಗ್ಗಿಸಿದಾಗ 0.3 ಮಿ.ಮೀ. ಪೆನ್ನಿನ ಗೆರೆ 0.2 ಮಿ.ಮೀ. ಆಗುತ್ತದೆ, ಚೆನ್ನಾಗಿ ನಿಲ್ಲುತ್ತದೆ. 0.1 ಪೆನ್ನಿನದು 0.07ಕ್ಕೆ ಇಳಿದು ಅಲ್ಲಲ್ಲಿ ಹರಿಯುತ್ತದೆ. ಹೊರಗೆರೆಗೆ 0.3, ನರಗಳಿಗೆ 0.2, 0.1 ತೀರಾ ಸಣ್ಣ ರೋಮಕ್ಕೆ ಮಾತ್ರ, ಅದೂ ಹೆಚ್ಚು ಕುಗ್ಗಿಸದ ಚಿತ್ರದಲ್ಲಿ. ಬೆಳಕು ಯಾವಾಗಲೂ ಎಡಗಡೆ ಮೇಲಿನಿಂದ ಬೀಳುವಂತೆ ಬರೆಯುವುದು ರೂಢಿ. ಬೇರೆ ಬೇರೆ ದಿನ ಬರೆದ ತುಂಡುಗಳು ಒಂದೇ ಫಲಕದಲ್ಲಿ (ಗಿಡದ ಚಿತ್ರಗಳೆಲ್ಲ ಕೂಡಿದ ಪುಟದಲ್ಲಿ) ಹೊಂದಿಕೊಳ್ಳುವುದು ಅದರಿಂದಲೇ.

ನೆರಳಿಗೆ ಚುಕ್ಕೆ. ಪೆನ್ನು ನೆಟ್ಟಗಿರಬೇಕು, ಓರೆ ಹಿಡಿದು ಅವಸರದಲ್ಲಿ ಎತ್ತಿದರೆ ಪ್ರತಿ ಚುಕ್ಕೆಗೂ ಬಾಲ ಬರುತ್ತದೆ, ನೋಡುವವರು ಅದನ್ನು ರೋಮ ಎಂದುಕೊಳ್ಳುತ್ತಾರೆ. ಸಾಲಾಗಿ ಬಿದ್ದ ಚುಕ್ಕೆ ನರದಂತೆ ಕಾಣುತ್ತದೆ. ತೀರಾ ಒತ್ತಾದವು ಕುಗ್ಗಿಸಿದಾಗ ಕೂಡಿಕೊಂಡು ಕಪ್ಪು ಮಚ್ಚೆಯಾಗುತ್ತವೆ. ಹೂವು ಕೆಂಪೆಂದು ಎಸಳನ್ನೆಲ್ಲ ಕಪ್ಪಾಗಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಈ ಬಗೆಯ ಚಿತ್ರದಲ್ಲಿ ಚುಕ್ಕೆ ತೋರಿಸಬೇಕಾದ್ದು ಬಣ್ಣವನ್ನಲ್ಲ, ಉಬ್ಬುತಗ್ಗನ್ನು. ಎಲ್ಲಿ ಅನುಮಾನವೋ ಅಲ್ಲಿ ಖಾಲಿ ಬಿಡಿ.

ಮಳೆಗಾಲದಲ್ಲಿ ಕಾಗದ ತೇವ ಹೀರಿ ಶಾಯಿ ಹರಡುತ್ತದೆ. ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಚೀಲದಲ್ಲಿಡಿ, ಅಂಗೈ ಅಡಿಗೆ ಒಂದು ಬಿಡಿ ಹಾಳೆ ಇರಲಿ. ಡ್ರಾಫ್ಟಿಂಗ್ ಫಿಲ್ಮಿನ (ಬರೆಯಲು ಬಳಸುವ ಅರೆಪಾರದರ್ಶಕ ಪ್ಲಾಸ್ಟಿಕ್ ಹಾಳೆಯ) ಮೇಲೆ ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಕೆರೆದು ತೆಗೆಯಬಹುದು. ತೆಳು ಕಾಗದದಲ್ಲಿ ಹಾಗೆ ಮಾಡಿದರೆ ನಾರು ಎದ್ದು ಮುಂದಿನ ಗೆರೆಯೂ ಕೆಡುತ್ತದೆ.

ಹಳೆಯ ಕೆಲಸ ನೋಡಬೇಕೆಂದರೆ ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ 1838ರಿಂದ 1853ರವರೆಗೆ ಪ್ರಕಟಿಸಿದ ದಕ್ಷಿಣ ಭಾರತದ ಸಸ್ಯಗಳ ಫಲಕಗಳಿವೆ. ಅವುಗಳ ಹಿಂದಿನ ಕೈಗಳು ಚಿತ್ರಕಾರರಾದ ರಂಗಯ್ಯ ಮತ್ತು ಗೋವಿಂದು. ಒಂದು ಆರ್ಕಿಡ್ ಕುಲಕ್ಕೆ ವೈಟ್ ಗೋವಿಂದುವಿನ ಹೆಸರನ್ನೇ ಇಟ್ಟ. ಲಾಲ್‌ಬಾಗಿಗೆ ಚೆಲುವಯ್ಯ ರಾಜು ಬರೆದ ಚಿತ್ರಗಳೂ ಇವೆ. ವೈಟ್‌ನ ಫಲಕಗಳನ್ನು ನಕಲು ಮಾಡುವವರು ಕೊಂಬೆಯನ್ನಷ್ಟೇ ಎತ್ತಿಕೊಂಡು ಕೆಳಗಿನ ಸೀಳುಚಿತ್ರಗಳನ್ನು ಬಿಟ್ಟುಬಿಡುತ್ತಾರೆ. ಕಲಿಯಬೇಕಾದ್ದು ಅಲ್ಲೇ ಹೆಚ್ಚಿದೆ.

ಸೀಳಲು ಹೊಸ ಬ್ಲೇಡ್ ಬೇಕು, ಮೊಂಡಾದದ್ದು ಅಂಡಾಶಯವನ್ನು ಹಿಸುಕುತ್ತದೆ. ದಾಸವಾಳದ ಅಂಡಾಶಯವನ್ನು ನಡುವೆ ಅಡ್ಡ ಕತ್ತರಿಸಿ 10 ಪಟ್ಟಿನ ಲೆನ್ಸಿನಲ್ಲಿ ನೋಡಿದರೆ ಐದು ಕೋಣೆ ಸಿಗುತ್ತವೆ. ಒಣಗಿಸಿದ ಮಾದರಿಯಾದರೆ ಹೂವನ್ನು ಒಂದು ಹನಿ ಸೋಪು ಹಾಕಿದ ನೀರಿನಲ್ಲಿ ಕುದಿಸಿ ಮೆತ್ತಗಾದ ಮೇಲೆ ಬಿಡಿಸಬೇಕು. ಪ್ರತಿ ತುಂಡಿನ ಪಕ್ಕದಲ್ಲೂ ಅಳತೆಪಟ್ಟಿಯ ಗೆರೆ ಹಾಕಿ. "2 ಪಟ್ಟು" ಎಂದು ಬರೆದಿಟ್ಟರೆ ಸಂಪಾದಕರು ಚಿತ್ರ ಕುಗ್ಗಿಸಿದ ಕ್ಷಣವೇ ಅದು ಸುಳ್ಳಾಗುತ್ತದೆ. ಗೆರೆ ಚಿತ್ರದ ಜೊತೆಗೇ ಕುಗ್ಗುತ್ತದೆ. ಹಾಳೆಯ ಹಿಂದೆ ಮಾದರಿಯ ಸಂಖ್ಯೆ, ಸ್ಥಳ, ತಾರೀಖು ಪೆನ್ಸಿಲಿನಲ್ಲಿ ಬರೆದು ಆಮೇಲೆ ಸ್ಕ್ಯಾನಿಗೆ ಕೊಡಿ.