ಚಿಕ್ಕ ಪಿಸ್ತೂಲಿಗೆ ಹೊಸ ಗ್ರಿಪ್: ಮೊದಲು ಅಳತೆ, ಆಮೇಲೆ ಅಂದ

ಗ್ರಿಪ್ ಬದಲಿಸಲು ಹೊರಟವರು ಸಾಮಾನ್ಯವಾಗಿ ಬಣ್ಣ, ಮರ, ಕೆತ್ತನೆ ನೋಡಿ ಶುರುಮಾಡುತ್ತಾರೆ. ಕಾಂಪ್ಯಾಕ್ಟ್ ಪಿಸ್ತೂಲಿನ ವಿಷಯದಲ್ಲಿ ಅದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಕೈ ಹಿಡಿಯಲು ಇರುವ ಜಾಗವೇ ಕಡಿಮೆ. ಅಕ್ಕಪಕ್ಕ ಒಂದೊಂದು ಮಿಲಿಮೀಟರ್ ದಪ್ಪ ಏರಿದರೂ ಬೆರಳು ಟ್ರಿಗರ್‌ಗೆ ಎಟುಕುವ ರೀತಿ ಬದಲಾಗುತ್ತದೆ. ಬಟ್ಟೆಯೊಳಗೆ ಇಟ್ಟುಕೊಂಡಾಗ ಉಬ್ಬಿ ಕಾಣುವುದೂ ಗ್ರಿಪ್ಪಿನ ದಪ್ಪವೇ, ಬ್ಯಾರಲ್ ಅಲ್ಲ.

ಮೊದಲು ನಿಮ್ಮ ಪಿಸ್ತೂಲಿನ ಗ್ರಿಪ್ ಬಿಚ್ಚಲು ಬರುವಂಥದ್ದೋ ಅಲ್ಲವೋ ನೋಡಿ. ಪಾಲಿಮರ್ (ಗಟ್ಟಿ ಪ್ಲಾಸ್ಟಿಕ್) ಫ್ರೇಮಿನ, ಅಂದರೆ ಒಡಲಿನ ಚೌಕಟ್ಟಿನ, ಹೆಚ್ಚಿನ ಪಿಸ್ತೂಲುಗಳಲ್ಲಿ ಗ್ರಿಪ್ ಫ್ರೇಮಿನದೇ ಭಾಗ. ನಾಲ್ಕನೇ ಪೀಳಿಗೆಯ ಗ್ಲಾಕ್ 19ರಲ್ಲಿ ಬದಲಿಸಬಹುದಾದದ್ದು ಹಿಂಬದಿಯ ಪಟ್ಟಿ ಮಾತ್ರ. ಮಧ್ಯಮ ಪಟ್ಟಿ ಹಾಕಿದರೆ ಟ್ರಿಗರ್ 2 ಮಿ.ಮೀ. ದೂರ ಹೋಗುತ್ತದೆ, ದೊಡ್ಡದು ಹಾಕಿದರೆ 4 ಮಿ.ಮೀ. ಪಟ್ಟಿ ಹಾಕಿದಾಗ ಅದರ ಜೊತೆ ಬರುವ ಉದ್ದನೆಯ ಪಿನ್ನನ್ನೇ ಬಳಸಬೇಕು, ಹಳೆಯ ಗಿಡ್ಡ ಪಿನ್ ಪಟ್ಟಿಯನ್ನು ಹಿಡಿದುಕೊಳ್ಳುವುದಿಲ್ಲ. ಸಿಗ್ ಪಿ320ರಲ್ಲಿ ಟ್ರಿಗರ್ ಜೋಡಣೆಯನ್ನು ಹೊರತೆಗೆದು ಇಡೀ ಗ್ರಿಪ್ ಮಾಡ್ಯೂಲನ್ನೇ ಬದಲಿಸಬಹುದು. ಈ ಬರಹದ ಉಳಿದ ಭಾಗ ಲೋಹದ ಫ್ರೇಮಿನ ಹಿಡಿಯ ಅಕ್ಕಪಕ್ಕಕ್ಕೆ ಸ್ಕ್ರೂ ಹಾಕಿ ಕೂರಿಸುವ ಹೊದಿಕೆ ತುಂಡುಗಳಾದ ಪ್ಯಾನೆಲ್‌ಗಳ ಬಗ್ಗೆ.

ತಪ್ಪು ಖರೀದಿಗೆ ದೊಡ್ಡ ಕಾರಣ 'ಕಾಂಪ್ಯಾಕ್ಟ್' ಎಂಬ ಪದವೇ. ಕೆಲವು ಪಿಸ್ತೂಲುಗಳಲ್ಲಿ ಗಿಡ್ಡವಾಗಿರುವುದು ಬ್ಯಾರಲ್ ಮತ್ತು ಸ್ಲೈಡ್ (ಮೇಲೆ ಹಿಂದೆ-ಮುಂದೆ ಜಾರುವ ಭಾಗ) ಮಾತ್ರ. ಇನ್ನು ಕೆಲವದರಲ್ಲಿ ಹಿಡಿಯೂ ಗಿಡ್ಡ. ಕೋಲ್ಟ್ ಕಂಪನಿಯ ಹಳೆಯ, ಹೆಸರಾಂತ ಪಿಸ್ತೂಲಾದ 1911ರ ವಂಶದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಕೋಲ್ಟ್ ಕಮಾಂಡರ್‌ನ ಸ್ಲೈಡ್ ಗಿಡ್ಡ, ಆದರೆ ಹಿಡಿ ಪೂರ್ಣ ಅಳತೆಯದು, ಹಾಗಾಗಿ ಅದಕ್ಕೆ ದೊಡ್ಡ 1911ರ ಪ್ಯಾನೆಲ್ಲೇ ಬೇಕು. 1985ರಲ್ಲಿ ಬಂದ ಆಫೀಸರ್ಸ್ ಎಸಿಪಿಯ ಹಿಡಿಯೇ ಗಿಡ್ಡ, ಅದರ ಪ್ಯಾನೆಲ್ ಬೇರೆ. ವಾಲ್ಥರ್‌ನಲ್ಲೂ ಇದೇ ಗೋಜಲು. ಪಿಪಿಕೆಯ ಗ್ರಿಪ್ ಹಿಂಬದಿಯನ್ನೂ ಸುತ್ತಿಕೊಳ್ಳುವ ಒಂದೇ ತುಂಡು. ಪಿಪಿಕೆ/ಎಸ್‌ನಲ್ಲಿ ಹಿಂಬದಿ ಲೋಹದ್ದು, ಅಕ್ಕಪಕ್ಕಕ್ಕೆ ಎರಡು ಪ್ಯಾನೆಲ್. ಅಮೆರಿಕದ 1968ರ ಬಂದೂಕು ಕಾನೂನಿನ ಆಮದು ನಿಯಮ ದಾಟಲು ಪಿಪಿಕೆಯ ಸ್ಲೈಡನ್ನು ಅದಕ್ಕಿಂತ ದೊಡ್ಡದಾದ ಪಿಪಿ ಮಾದರಿಯ ಎತ್ತರದ ಫ್ರೇಮಿಗೆ ಕೂರಿಸಿದ್ದರಿಂದ ಹುಟ್ಟಿದ ಮಾದರಿ ಅದು. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ, ಆದರೆ ಒಂದರ ಗ್ರಿಪ್ ಇನ್ನೊಂದಕ್ಕೆ ಕೂರುವುದಿಲ್ಲ.

ಆದ್ದರಿಂದ ಹೆಸರು ನಂಬಬೇಡಿ, ಅಳೆಯಿರಿ. ಅದಕ್ಕೂ ಮೊದಲು ಮ್ಯಾಗಜೀನ್ (ಗುಂಡುಗಳ ಪೆಟ್ಟಿಗೆ) ಹೊರತೆಗೆದು, ಸ್ಲೈಡ್ ಹಿಂದಕ್ಕೆ ಎಳೆದು, ಚೇಂಬರ್ (ಬ್ಯಾರಲ್ ಹಿಂಬದಿಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತರಿ ಮಾಡಿಕೊಳ್ಳಿ. ಕೆಲಸ ಮಾಡುವ ಮೇಜಿನ ಮೇಲೆ ಒಂದು ಗುಂಡೂ ಇರಬಾರದು. ಆಮೇಲೆ ವರ್ನಿಯರ್ ಕ್ಯಾಲಿಪರ್‌ನಿಂದ ಎರಡು ಸ್ಕ್ರೂ ತೂತುಗಳ ನಡುವಿನ ದೂರ ನೋಡಿ. ತೂತಿನ ಮಧ್ಯಬಿಂದು ಹುಡುಕುವ ಕಷ್ಟ ಬೇಡ. ಮೇಲಿನ ತೂತಿನ ಮೇಲಂಚಿನಿಂದ ಕೆಳಗಿನ ತೂತಿನ ಮೇಲಂಚಿಗೆ ಅಳೆದರೆ ಅದೇ ಮಧ್ಯದಿಂದ ಮಧ್ಯಕ್ಕೆ ಇರುವ ದೂರ. ಪೂರ್ಣ ಅಳತೆಯ 1911ರಲ್ಲಿ ಅದು ಸುಮಾರು 78 ಮಿ.ಮೀ., ಆಫೀಸರ್ಸ್ ಮಾದರಿಯಲ್ಲಿ ಸುಮಾರು 68 ಮಿ.ಮೀ.

ಅಳತೆ ಸಿಕ್ಕ ಮೇಲೆ ದಪ್ಪ. 1911ರ ಸಾಮಾನ್ಯ ಪ್ಯಾನೆಲ್ ಹೆಚ್ಚುಕಡಿಮೆ 6 ಮಿ.ಮೀ. ಇರುತ್ತದೆ, ತೆಳುವಾದದ್ದು 4ರಿಂದ 5. ಎರಡೂ ಬದಿ ಸೇರಿದರೆ ವ್ಯತ್ಯಾಸ ಕೈಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ನಿಮಗೆ ಯಾವುದು ಬೇಕೆಂದು ತಿಳಿಯಲು, ಖಾಲಿ ಪಿಸ್ತೂಲನ್ನು ಹೆಬ್ಬೆರಳು ತೋರುಬೆರಳಿನ ನಡುವಿನ ಕವಲಿಗೆ ಸಾಧ್ಯವಾದಷ್ಟು ಮೇಲೆ ಕೂರಿಸಿ, ಬ್ಯಾರಲ್ ಮುಂಗೈಯ ನೇರಕ್ಕೆ ಬರುವಂತೆ ಸುರಕ್ಷಿತ ದಿಕ್ಕಿಗೆ ಹಿಡಿಯಿರಿ. ಈಗ ತೋರುಬೆರಳಿನ ತುದಿಯ ಮೆತ್ತನೆಯ ಭಾಗ ಟ್ರಿಗರ್ ಮೇಲೆ ಸಲೀಸಾಗಿ ಕೂರಬೇಕು. ಎಟುಕಿಸಲು ಅಂಗೈಯನ್ನು ಒಂದು ಬದಿಗೆ ತಿರುಗಿಸಬೇಕಾಗಿ ಬಂದರೆ ತೆಳುವಾದ ಪ್ಯಾನೆಲ್ ಬೇಕು. ಬೆರಳಿನ ಗೆಣ್ಣೇ ಟ್ರಿಗರ್ ಮೇಲೆ ಬಂದರೆ ದಪ್ಪನೆಯದು. ಇದರ ಜೊತೆಗೇ ಮ್ಯಾಗಜೀನ್ ಬಿಡಿಸುವ ಗುಂಡಿ ಹೆಬ್ಬೆರಳಿಗೆ ಸಿಗುತ್ತದೆಯೇ ನೋಡಿ. ದಪ್ಪ ಪ್ಯಾನೆಲ್‌ನಲ್ಲಿ ಗುಂಡಿಯ ಸುತ್ತ ತಗ್ಗು ಕೊರೆದಿಲ್ಲದಿದ್ದರೆ ಅದು ಪೂರ್ತಿ ಒಳಗೆ ಹೋಗುವುದಿಲ್ಲ.

ತೆಳುವಾದ ಪ್ಯಾನೆಲ್ ಕೊಳ್ಳುವವರು ಇಲ್ಲಿ ಎಡವುತ್ತಾರೆ. 1911ರಲ್ಲಿ ಸ್ಕ್ರೂ ನೇರವಾಗಿ ಫ್ರೇಮಿಗೆ ಹೋಗುವುದಿಲ್ಲ. ಫ್ರೇಮಿಗೆ ಮೊದಲು ಒಳಗೂ ಹೊರಗೂ ಎಳೆ (ತಿರುಪುಗೆರೆ) ಇರುವ ಸಣ್ಣ ಕೊಳವೆಗಳಾದ ನಾಲ್ಕು ಬುಶ್‌ಗಳನ್ನು ತಿರುಗಿಸಿ ಕೂರಿಸಿರುತ್ತಾರೆ, ಸ್ಕ್ರೂ ಹೋಗುವುದು ಅವುಗಳೊಳಗೆ. ಹಳೆಯ ಉದ್ದದ ಬುಶ್ ಮೇಲೆ ತೆಳು ಪ್ಯಾನೆಲ್ ಇಟ್ಟರೆ ಬುಶ್‌ನ ತಲೆ ಪ್ಯಾನೆಲ್‌ಗಿಂತ ಮೇಲಕ್ಕೆ ನಿಲ್ಲುತ್ತದೆ. ಸ್ಕ್ರೂ ಬುಶ್‌ಗೆ ತಾಗಿ ಬಿಗಿಯಾಗುತ್ತದೆ, ಪ್ಯಾನೆಲ್ ಮಾತ್ರ ಕಟಕಟ ಅಲುಗಾಡುತ್ತಲೇ ಇರುತ್ತದೆ. ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಗಿಡ್ಡ ಬುಶ್ 4, ಗಿಡ್ಡ ಸ್ಕ್ರೂ 4 ಒಟ್ಟಿಗೇ ತರಿಸಿಕೊಳ್ಳಿ. ಬುಶ್ ಗಿಡ್ಡ ಮಾಡಿ ಸ್ಕ್ರೂ ಹಳೆಯದನ್ನೇ ಹಾಕಿದರೆ ಅದರ ತುದಿ ಮ್ಯಾಗಜೀನ್ ಹೋಗುವ ಜಾಗಕ್ಕೆ ಚಾಚಿಕೊಂಡು ಮ್ಯಾಗಜೀನನ್ನು ಗೀರುತ್ತದೆ.

ಸಾಮಗ್ರಿಯ ಬಗ್ಗೆ ಸ್ಪಷ್ಟವಾಗಿಯೇ ಹೇಳುತ್ತೇನೆ: ದಿನವೂ ಜೊತೆಗಿರುವ ಕಾಂಪ್ಯಾಕ್ಟ್‌ಗೆ ಜಿ10 ಒಳ್ಳೆಯದು. ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ಒತ್ತಿ ಮಾಡಿದ್ದು, ಬೆವರು, ಎಣ್ಣೆ ಯಾವುದಕ್ಕೂ ಜಗ್ಗುವುದಿಲ್ಲ, ತೆಳುವಾದರೂ ಗಟ್ಟಿ. ಅದರ ಮೇಲ್ಮೈ ತೀರಾ ಒರಟಾಗಿರದಿರಲಿ. ಹಗುರ ಪಿಸ್ತೂಲು ಜೋರಾಗಿ ಒದೆಯುತ್ತದೆ ನಿಜ, ಹಿಡಿತ ಬೇಕು, ಆದರೆ ಅರದಂಥ ಗ್ರಿಪ್ ಚರ್ಮವನ್ನೂ ಅಂಗಿಯ ಒಳಪದರವನ್ನೂ ತಿನ್ನುತ್ತದೆ. ರಬ್ಬರ್ ಮೆತ್ತಗೆ, ಒದೆತ ಕಡಿಮೆ ಅನ್ನಿಸುತ್ತದೆ, ಆದರೆ ಬಟ್ಟೆಗೆ ಅಂಟಿಕೊಂಡು ಎಳೆಯುತ್ತದೆ. ಬೆರಳಿಗೆಂದು ತೋಡುಗಳಿರುವ ರಬ್ಬರ್ ಗ್ರಿಪ್ ಗಿಡ್ಡ ಹಿಡಿಗೆ ಬೇಡವೇ ಬೇಡ. ಆ ತೋಡುಗಳು ನಿಮ್ಮ ಬೆರಳಿನ ಅಗಲಕ್ಕೆ ಹೊಂದದಿದ್ದರೆ ಪ್ರತಿ ಸಲವೂ ಕೈ ತಪ್ಪು ಜಾಗಕ್ಕೆ ಹೋಗುತ್ತದೆ. ಬೀಟೆ, ಅಕ್ರೋಟು ಮರ ಚೆಂದ, ಕೈಗೂ ಹಿತ. ತೆಳುವಾಗಿದ್ದಾಗ ಸ್ಕ್ರೂ ತೂತಿನ ಬಳಿ ಸೀಳುತ್ತದೆ, ಅಷ್ಟೇ ಅದರ ಭಯ.

ಬಿಚ್ಚುವಾಗ ಸ್ಕ್ರೂವಿನ ಸೀಳಿಗೆ ಸರಿಯಾಗಿ ತುಂಬುವ ಅಗಲದ, ತುದಿಯಲ್ಲಿ ಮೊನೆಯಾಗದ ಸ್ಕ್ರೂಡ್ರೈವರ್ ಇರಲಿ. ಬೆರೆಟಾ 92ರಂಥ ಪಿಸ್ತೂಲಿನಲ್ಲಿ ಬಲಗಡೆಯ ಪ್ಯಾನೆಲ್ ಎತ್ತುವಾಗ ಎಚ್ಚರ, ಟ್ರಿಗರ್ ಬಾರ್‌ನ ಸಣ್ಣ ಸ್ಪ್ರಿಂಗನ್ನು ಅದರ ಜಾಗದಲ್ಲಿ ಹಿಡಿದಿಟ್ಟಿರುವುದೇ ಆ ಪ್ಯಾನೆಲ್. ಎತ್ತುವ ಮೊದಲು ಬಲಬದಿ ಮೇಲೆ ಬರುವಂತೆ ಮಲಗಿಸಿಕೊಳ್ಳಿ. 1911ರಲ್ಲಿ ಸ್ಕ್ರೂ ಜೊತೆ ಬುಶ್ಶೇ ಕಿತ್ತು ಬಂದರೆ ಗಾಬರಿ ಬೇಡ, ಇದು ಆಗುತ್ತಲೇ ಇರುತ್ತದೆ. ಬಿಸಿ ಮಾಡಿ ಎರಡನ್ನೂ ಬೇರ್ಪಡಿಸಿ, ಎಳೆಗಳ ಎಣ್ಣೆ ಒರೆಸಿ, ಬುಶ್‌ನ ಹೊರ ಎಳೆಗೆ ಒಂದು ಹನಿ ಥ್ರೆಡ್ ಲಾಕರ್ (ಎಳೆ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ ಫ್ರೇಮಿಗೆ ತಿರುಗಿಸಿ, ಒಂದು ದಿನ ಒಣಗಲು ಬಿಡಿ. ಸ್ಕ್ರೂವಿಗೆ ಮಾತ್ರ ಅದನ್ನು ಹಾಕಬೇಡಿ, ಹಾಕಿದರೆ ಮುಂದಿನ ಸಲ ಮತ್ತೆ ಬುಶ್ ಕಿತ್ತು ಬರುತ್ತದೆ. ಅಲ್ಯೂಮಿನಿಯಂ ಫ್ರೇಮಿನ ಎಳೆ ಬೇಗ ಹಾಳಾಗುತ್ತದೆ. ಬುಶ್ ಓರೆಯಾಗಿ ಹತ್ತುತ್ತಿದೆ ಅನ್ನಿಸಿದ ಕೂಡಲೇ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ಮತ್ತೆ ಶುರುಮಾಡಿ.

ಹೊಸ ಪ್ಯಾನೆಲ್ ಬುಶ್ ಮೇಲೆ ಬರಿಗೈಯಲ್ಲೇ ಇಳಿಯಬೇಕು. ಸ್ಕ್ರೂ ಬಿಗಿಮಾಡಿ ಎಳೆದು ಕೂರಿಸಿದರೆ ಮರ ಸೀಳುವುದು ಗ್ಯಾರಂಟಿ. ತೂತು ಬಿಗಿಯಾಗಿದ್ದರೆ ದುಂಡನೆಯ ಸಣ್ಣ ಅರದಿಂದ ಎರಡು ಉಜ್ಜು ಉಜ್ಜಿ, ಇಟ್ಟು ನೋಡಿ, ಮತ್ತೆ ಉಜ್ಜಿ. ಪ್ಯಾನೆಲ್ ಹಿಂಬದಿ ಡೊಂಕಿದ್ದರೆ ಗಾಜಿನ ಮೇಲೆ 320 ನಂಬರಿನ ಉಜ್ಜುಕಾಗದ ಇಟ್ಟು ಸಮ ಮಾಡಬಹುದು. ಜಿ10 ಆದರೆ ನೀರು ಹಾಕಿಕೊಂಡೇ ಉಜ್ಜಿ, ಮಾಸ್ಕ್ ಇರಲಿ, ಗಾಜಿನ ನಾರಿನ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಎರಡೂ ಬದಿ ಸೇಫ್ಟಿ (ಗುಂಡು ಹಾರದಂತೆ ತಡೆಯುವ ಸನ್ನೆ) ಇರುವ 1911ಗೆ ಬಲ ಪ್ಯಾನೆಲ್‌ನ ಮೇಲ್ಭಾಗದಲ್ಲಿ ಕಚ್ಚು ಇರಲೇಬೇಕು. ಎಡ ಪ್ಯಾನೆಲ್‌ನ ಮೇಲಂಚು ಪ್ಲಂಜರ್ ಟ್ಯೂಬಿಗೆ (ಸೇಫ್ಟಿಯ ಸ್ಪ್ರಿಂಗ್ ಇರುವ ಸಣ್ಣ ನಳಿಗೆ) ಒತ್ತಿಕೊಂಡಿರಬೇಕು. ಆ ಟ್ಯೂಬನ್ನು ಫ್ರೇಮಿಗೆ ಎರಡು ಚಿಕ್ಕ ಮೊಳೆಗಳಷ್ಟೇ ಹಿಡಿದಿರುತ್ತವೆ. ಪ್ಯಾನೆಲ್‌ನ ಆಸರೆ ಇಲ್ಲದಿದ್ದರೆ ಕಾಲಕ್ರಮೇಣ ಸಡಿಲವಾಗಿ ಎದ್ದು, ಸೇಫ್ಟಿ ಇಳಿಯದಂತೆ ಅಡ್ಡ ಬರುತ್ತದೆ. ಅಗ್ಗದ ಪ್ಯಾನೆಲ್‌ಗಳಲ್ಲಿ ಇಲ್ಲಿ ಸಂದು ಉಳಿದಿರುವುದು ಸಾಮಾನ್ಯ. ಅಂಥದ್ದನ್ನು ವಾಪಸ್ ಮಾಡಿ.

ಸ್ಕ್ರೂಡ್ರೈವರನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುವಷ್ಟು ಬಿಗಿ ಸಾಕು. ಸ್ಕ್ರೂ ತಲೆಯ ಕೆಳಗೆ ಸಣ್ಣ ರಬ್ಬರ್ ರಿಂಗ್ ಹಾಕಿದರೆ ಸಡಿಲವಾಗುವುದು ಬಹಳ ಕಡಿಮೆಯಾಗುತ್ತದೆ. ಆಮೇಲೆ ಖಾಲಿ ಮ್ಯಾಗಜೀನ್ ಹಾಕಿ ಗುಂಡಿ ಒತ್ತಿ, ಅದು ತನ್ನ ಭಾರಕ್ಕೇ ಜಾರಿ ಬೀಳಬೇಕು. ಸೇಫ್ಟಿ, ಸ್ಲೈಡ್ ಸ್ಟಾಪ್ (ಸ್ಲೈಡನ್ನು ಹಿಂದೆ ತಡೆದಿಡುವ ಸನ್ನೆ), ಅಂಗೈಯಿಂದ ಒತ್ತುವ ಹಿಂಬದಿಯ ಗ್ರಿಪ್ ಸೇಫ್ಟಿ ಮೂರನ್ನೂ ಹತ್ತು ಹತ್ತು ಸಲ ಆಡಿಸಿ, ಎಲ್ಲೂ ಪ್ಯಾನೆಲ್‌ಗೆ ಉಜ್ಜಬಾರದು. ಮೊದಲ ಐವತ್ತು ಗುಂಡು ಹಾರಿಸಿದ ಮೇಲೆ ಸ್ಕ್ರೂ ನಾಲ್ಕನ್ನೂ ಮತ್ತೊಮ್ಮೆ ಮುಟ್ಟಿ ನೋಡಿ. ರಬ್ಬರ್ ಹಾಕಿದ್ದರೆ ಬೆವರುವ ದಿನಗಳಲ್ಲಿ ತಿಂಗಳಿಗೊಮ್ಮೆ ಪ್ಯಾನೆಲ್ ಬಿಚ್ಚಿ ಹಿಂದಿನ ಉಕ್ಕನ್ನು ಒರೆಸಿ ತೆಳ್ಳಗೆ ಎಣ್ಣೆ ಸವರಿ. ತುಕ್ಕು ಹಿಡಿಯುವುದು ಅಲ್ಲೇ, ಹೊರಗಿನಿಂದ ಏನೂ ಕಾಣುವುದಿಲ್ಲ.