ಗೋಡೆಗೊಂದು ಹೊತ್ತು: ಬಾದಾಮಿ–ವಿಜಯಪುರ ಬೆಳಕಿನ ಪಟ್ಟಿ, ಇಲ್ಲಿಯವರೆಗಿನ ಕೆಲಸ

ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸ್ಮಾರಕಗಳಲ್ಲಿ ಯಾವ ಗೋಡೆಯ ಮೇಲೆ ಯಾವ ತಿಂಗಳು, ಎಷ್ಟು ತಾಸಿಗೆ, ಎಂಥ ಬೆಳಕು ಬೀಳುತ್ತದೆ ಎಂದು ಫೋಟೊ ತೆಗೆಯುವವರಿಗಾಗಿ ಗುರುತು ಹಾಕಿಕೊಳ್ಳುವ ಪಟ್ಟಿ ಇದು. ಬಾದಾಮಿ, ಪಟ್ಟದಕಲ್ಲು ಬಹುತೇಕ ಮುಗಿದಿವೆ. ಐಹೊಳೆ ಅರ್ಧ ಆಗಿದೆ. ವಿಜಯಪುರದ ಕೆಲಸ ನಡೆದಿದೆ. ‘ಮುಂಜಾನೆ ಇಲ್ಲವೇ ಸಂಜೆ ತೆಗೀರಿ’ ಎಂಬ ಮಾಮೂಲಿ ಸಲಹೆಯಿಂದ ಇಲ್ಲಿ ಅರ್ಧ ಕೆಲಸವೂ ಆಗುವುದಿಲ್ಲ. ಪೂರ್ವಕ್ಕೆ ಮುಖ ಮಾಡಿದ ಗುಡಿಯ ಮುಂದೆ ಸಂಜೆಯ ಹೊನ್ನಬಿಸಿಲಿಗೆ ಕಾದು ನಿಂತರೆ ಸಿಗುವುದು ಬರೀ ನೆರಳು. ಮೊದಲು ಗೋಡೆಯ ದಿಕ್ಕು ನೋಡಬೇಕು, ಆಮೇಲೆ ಕಲ್ಲಿನ ಬಣ್ಣ, ಕೊನೆಗೆ ಗಡಿಯಾರ.

ಗಡಿಯಾರದ ಲೆಕ್ಕ

ಬಾದಾಮಿ, ವಿಜಯಪುರ ಎರಡೂ ಸುಮಾರು 75.7 ಡಿಗ್ರಿ ಪೂರ್ವ ರೇಖಾಂಶದಲ್ಲಿವೆ. ನಮ್ಮ ಗಡಿಯಾರ (ಭಾರತೀಯ ಕಾಲಮಾನ) ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ಒಂದು ಡಿಗ್ರಿಗೆ 4 ನಿಮಿಷದಂತೆ ಸೂರ್ಯ ಇಲ್ಲಿ ನೆತ್ತಿಗೆ ಬರುವುದು ಸರಾಸರಿ 12:27ಕ್ಕೆ. ಅದೂ ವರ್ಷವಿಡೀ ಒಂದೇ ಅಲ್ಲ: ನವೆಂಬರ್ ಆರಂಭದಲ್ಲಿ 12:11ರ ಹೊತ್ತಿಗೆ ಬಂದರೆ, ಫೆಬ್ರುವರಿ ನಡುವಿಗೆ 12:41 ಆಗುತ್ತದೆ. ಗೋಡೆಯ ಮೇಲಿನ ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುವ ಗಳಿಗೆ ಇದೇ. ಆದ್ದರಿಂದ ಒಂದು ತಿಂಗಳ ಟಿಪ್ಪಣಿಯನ್ನು ಇನ್ನೊಂದು ತಿಂಗಳಿಗೆ ಹಾಗೇ ಇಳಿಸಿಕೊಂಡರೆ ಅರ್ಧ ತಾಸು ತಪ್ಪುತ್ತದೆ.

ಇನ್ನೊಂದು ವಿಷಯ, ಎಳೆಬಿಸಿಲಿನ ಅವಧಿ. ಇಂಗ್ಲೆಂಡಿನಂಥ ದೇಶಗಳಲ್ಲಿ ಸೂರ್ಯ ಓರೆಯಾಗಿ ಏರುತ್ತಾನೆ, ಹೊನ್ನಬೆಳಕು ಬಹಳ ಹೊತ್ತು ಇರುತ್ತದೆ. ನಮ್ಮಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಏರುತ್ತಾನೆ, ತಾಸಿಗೆ 13–14 ಡಿಗ್ರಿ. ಹುಟ್ಟಿ ಅರ್ಧ ತಾಸು ಆಗುವುದರೊಳಗೆ 6 ಡಿಗ್ರಿ ದಾಟಿ ಕೆಂಪು ಬಣ್ಣ ಕಳೆದುಕೊಂಡಿರುತ್ತಾನೆ. ಟಿಕೆಟ್ ತೆಗೆದುಕೊಂಡು, ಮೆಟ್ಟಿಲು ಹತ್ತಿ, ಲೆನ್ಸ್ ಬದಲಿಸುವುದರೊಳಗೆ ಅದು ಮುಗಿದಿರುತ್ತದೆ. ಕೈಚಾಚಿ ಹಿಡಿದ ಒಂದು ಮುಷ್ಟಿ ಸುಮಾರು 10 ಡಿಗ್ರಿ, ಅಂದರೆ ಮುಕ್ಕಾಲು ತಾಸು. ಸೂರ್ಯನಿಗೂ ಎದುರಿನ ಗುಡ್ಡದ ಅಂಚಿಗೂ ನಡುವೆ ಎಷ್ಟು ಮುಷ್ಟಿ ಹಿಡಿಯುತ್ತದೆ ಎಂದು ಎಣಿಸಿದರೆ ಉಳಿದಿರುವ ಹೊತ್ತು ಗೊತ್ತಾಗುತ್ತದೆ. ಸೂರ್ಯನನ್ನೇ ದಿಟ್ಟಿಸಬೇಡಿ, ಕೈಯಿಂದ ಮರೆ ಮಾಡಿಕೊಂಡೇ ಎಣಿಸಿ.

ದಿಕ್ಕು ನೋಡಲು ಮೊಬೈಲಿನ ದಿಕ್ಸೂಚಿ ಸಾಕು. ಬೈಕಿನ ಸೀಟಿನ ಮೇಲೋ ಕಬ್ಬಿಣದ ಬೇಲಿಯ ಹತ್ತಿರವೋ ಇಟ್ಟರೆ ಮಾತ್ರ ತಪ್ಪು ತೋರಿಸುತ್ತದೆ. ನಾಲ್ಕು ಹೆಜ್ಜೆ ದೂರ ಹೋಗಿ ಇನ್ನೊಮ್ಮೆ ನೋಡುವುದು ವಾಸಿ.

ಪಟ್ಟದಕಲ್ಲು

ವಿರೂಪಾಕ್ಷ ಗುಡಿ ಪೂರ್ವಮುಖಿ, ಎದುರಿಗೆ ನಂದಿ ಮಂಟಪ. ನವೆಂಬರ್‌ನಿಂದ ಜನವರಿವರೆಗೆ ಸೂರ್ಯ ಪೂರ್ವಕ್ಕಿಂತ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ, ಡಿಸೆಂಬರ್ ಕೊನೆಗೆ 24 ಡಿಗ್ರಿಯಷ್ಟು. ಇದರಿಂದ ಮುಂಭಾಗ ಬೆಳಗುತ್ತಿರುವಾಗಲೇ ದಕ್ಷಿಣದ ಗೋಡೆಗೂ ಓರೆಬೆಳಕು ಸವರಿಕೊಂಡು ಹೋಗುತ್ತದೆ, ಒಂದೇ ಚಿತ್ರದಲ್ಲಿ ಎರಡೂ ಮಗ್ಗುಲು ಸಿಗುತ್ತವೆ. ಡಿಸೆಂಬರ್‌ನಲ್ಲಿ ಸೂರ್ಯೋದಯ 6:50ರ ಸುಮಾರು. 7:35ರಿಂದ 8:25ರವರೆಗೆ ಸೂರ್ಯ 10–20 ಡಿಗ್ರಿ ಎತ್ತರದಲ್ಲಿರುತ್ತಾನೆ. ಗೋಡೆಯ ಶಿಲ್ಪಕ್ಕೆ ಇದೇ ಸರಿಯಾದ ಹೊತ್ತು. ಅದಕ್ಕೂ ಮೊದಲು ನಂದಿ ಮಂಟಪದ ನೆರಳು ಬಾಗಿಲಿನ ಕಡೆಗೆ ಚಾಚಿರುತ್ತದೆ: 15 ಡಿಗ್ರಿಯಲ್ಲಿ ನೆರಳು ವಸ್ತುವಿನ ಎತ್ತರದ 3.7 ಪಟ್ಟು, 30 ಡಿಗ್ರಿಯಲ್ಲಿ 1.7 ಪಟ್ಟು.

ಶಾಸನಗಳಿಗೂ ಇದೇ ಲೆಕ್ಕ. ಎದುರಿನಿಂದ ಬೆಳಕು ಬಿದ್ದರೆ ಅಕ್ಷರ ಕಾಣುವುದೇ ಇಲ್ಲ. ಕಲ್ಲಿನ ಮೈಗೆ 10–15 ಡಿಗ್ರಿ ಓರೆಯಾಗಿ ಬಿದ್ದಾಗ ಸವೆದ ಗೆರೆಗೂ ನೆರಳು ಹುಟ್ಟುತ್ತದೆ.

ಐಹೊಳೆ: ಮಧ್ಯಾಹ್ನವೇ ಬೇಕಾದ ಜಾಗ

ದುರ್ಗ ಗುಡಿಯ ಶಿಲ್ಪಗಳು ಹೊರ ಪ್ರದಕ್ಷಿಣಾ ಪಥದ ಗೋಡೆಯ ಗೂಡುಗಳಲ್ಲಿವೆ, ಮುಂದೆ ಕಂಬಗಳ ಸಾಲು. ಮುಂಜಾನೆಯ ತಗ್ಗಿನ ಬಿಸಿಲು ಕಂಬಗಳ ನಡುವೆ ನುಗ್ಗಿ ಶಿಲ್ಪದ ಅರ್ಧ ಮುಖಕ್ಕೆ ಬೆಳಕು, ಅರ್ಧಕ್ಕೆ ಕಪ್ಪು ಪಟ್ಟೆ ಬಳಿಯುತ್ತದೆ. ಅದನ್ನು ಯಾವ ಸಾಫ್ಟ್‌ವೇರೂ ಸರಿ ಮಾಡಲಾರದು. ಬೆಳಗಿನ 11ರಿಂದ 2ರವರೆಗೆ ನೇರ ಬಿಸಿಲು ಒಳಗೆ ಬರುವುದು ಕಡಿಮೆ. ಹೊರಗಿನ ನೆಲ, ಜಗತಿಯ (ಗುಡಿ ನಿಂತ ಎತ್ತರದ ಕಟ್ಟೆಯ) ಕಲ್ಲಿಗೆ ಬಿದ್ದ ಬಿಸಿಲು ಕೆಳಗಿನಿಂದ ಪುಟಿದು ಗೂಡಿನೊಳಗೆ ಮೆತ್ತಗೆ ತುಂಬಿಕೊಳ್ಳುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 400, ಎಫ್/5.6 (ಲೆನ್ಸ್ ತೆರೆಯುವ ಅಳತೆ) ಇಟ್ಟು ಶಟರ್ 1/60 ಸೆಕೆಂಡಿಗಿಂತ ಇಳಿಯದಂತೆ ನೋಡಿಕೊಂಡರೆ ಸಾಕು. ಪುಟಿದ ಬೆಳಕು ಕಲ್ಲಿನ ಕೆಂಪನ್ನೂ ಹೊತ್ತು ತರುವುದರಿಂದ ಶಿಲ್ಪದ ಪಕ್ಕ ಗ್ರೇ ಕಾರ್ಡ್ (ಆಮೇಲೆ ಬಣ್ಣ ಸರಿಪಡಿಸಲು ಹೋಲಿಕೆಗೆ ಹಿಡಿಯುವ ಬೂದುಬಣ್ಣದ ರಟ್ಟು) ಹಿಡಿದು ಒಂದು ಚಿತ್ರ ಮೊದಲೇ ತೆಗೆದಿಡಬೇಕು.

ಬಾದಾಮಿ

ಗುಹೆಗಳು ದಕ್ಷಿಣದ ಬೆಟ್ಟದಲ್ಲಿ, ಉತ್ತರದ ಕಡೆಗೆ ತೆರೆದುಕೊಂಡಿವೆ. ಚಳಿಗಾಲದಲ್ಲಿ ಬೆಟ್ಟದ ನೆರಳು ಅದರ ಮುಂಭಾಗದ ಮೇಲೇ ಬೀಳುತ್ತದೆ. ಆಗ ಬರುವುದು ಆಕಾಶದ ನೀಲಿ ಬೆಳಕು ಮಾತ್ರ, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಕ್ಯಾಮೆರಾ ಹೊಂದಿಸುವ ಅಳತೆ) 7000 ಕೆಲ್ವಿನ್ ಆಸುಪಾಸು ಇಡಬೇಕು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಪಶ್ಚಿಮಕ್ಕಿಂತ ಉತ್ತರಕ್ಕೆ ಸರಿದು ಮುಳುಗುವುದರಿಂದ ಸಂಜೆಯ ಓರೆಬಿಸಿಲು ಗುಹೆಯ ಮುಖಕ್ಕೆ ತಾಗುತ್ತದೆ. ಒಂದನೇ ಗುಹೆಯ ಹೊರಗಿನ 18 ಕೈಗಳ ನಟರಾಜನಿಗೆ ಪಟ್ಟಿಯಲ್ಲಿ ಏಪ್ರಿಲ್–ಮೇ ಸಂಜೆ ಎಂದು ಹಾಕಿರುವುದು ಅದಕ್ಕೇ. ಸೆಕೆ ತಡೆದುಕೊಳ್ಳಬೇಕು, ಅಷ್ಟೇ.

ಅಗಸ್ತ್ಯ ತೀರ್ಥದ ಪೂರ್ವ ದಂಡೆಯ ಭೂತನಾಥ ಗುಡಿ ಎಲ್ಲರಿಗೂ ಗೊತ್ತಿರುವ ಸಂಜೆ ಚಿತ್ರ. ಡಿಸೆಂಬರ್‌ನಲ್ಲಿ ಸೂರ್ಯ ನೈರುತ್ಯಕ್ಕೆ ವಾಲಿ ದಕ್ಷಿಣದ ಬೆಟ್ಟದ ಹಿಂದೆ ಇಳಿಯುತ್ತಾನೆ. ಪಂಚಾಂಗದ ಸೂರ್ಯಾಸ್ತ 6 ಗಂಟೆಗೆ ಎಂದಿದ್ದರೂ ನೀರಿನ ಅಂಚಿಗೆ ಅದಕ್ಕೂ ಮೊದಲೇ ನೆರಳು ಬಂದಿರುತ್ತದೆ. ಮುಷ್ಟಿ ಲೆಕ್ಕ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಪ್ರತಿಬಿಂಬ ಬೇಕಿದ್ದರೆ ಪೋಲರೈಸರ್ (ಹೊಳಪು ಕಡಿಮೆ ಮಾಡುವ ಫಿಲ್ಟರ್) ಕಳಚಿಡಿ, ತಿರುಗಿಸಿದ ಕಡೆ ಪ್ರತಿಬಿಂಬವನ್ನೇ ಅಳಿಸಿಬಿಡುತ್ತದೆ.

ಕೆಂಪು ಮರಳುಗಲ್ಲಿಗೆ ಆಟೋ ವೈಟ್ ಬ್ಯಾಲೆನ್ಸ್ ಬೇಡವೇ ಬೇಡ. ಕ್ಯಾಮೆರಾ ಆ ಕೆಂಪನ್ನು ದೋಷವೆಂದು ತಿಳಿದು ತೊಳೆದುಹಾಕುತ್ತದೆ. ಬಿಸಿಲಿದ್ದಾಗ 5200–5500 ಕೆಲ್ವಿನ್‌ಗೆ ಕಟ್ಟಿಹಾಕಿ, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಕಡತ) ಉಳಿಸಿಕೊಳ್ಳಿ. ಹಿಸ್ಟೋಗ್ರಾಂನಲ್ಲಿ (ಚಿತ್ರದ ಕತ್ತಲೆ-ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಲ್ಲಿ) ಕೆಂಪು, ಹಸಿರು, ನೀಲಿ ಮೂರು ಬಣ್ಣ ಬೇರೆಬೇರೆ ನೋಡಬೇಕು. ಒಟ್ಟು ಗೆರೆ ಸರಿಯಿದ್ದಾಗಲೂ ಕೆಂಪು ಒಂದೇ ಬಲತುದಿಗೆ ಬಡಿದಿರುತ್ತದೆ, ಆಗ ಬಂಡೆಯ ಪದರಗಳ ವಿವರ ಹೋಗಿ ಕಿತ್ತಳೆ ಬಣ್ಣದ ಗೋಡೆ ಉಳಿಯುತ್ತದೆ. ಮೂರನೇ ಒಂದು ಭಾಗದಿಂದ ಮುಕ್ಕಾಲು ಸ್ಟಾಪ್‌ವರೆಗೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿದರೆ ಸರಿಹೋಗುತ್ತದೆ.

ವಿಜಯಪುರ, ನಡೆದಿದೆ

ಗೋಳಗುಮ್ಮಟದ ಮುಖ್ಯ ಬಾಗಿಲು ದಕ್ಷಿಣಕ್ಕೆ. ಊರಿನ ಅಕ್ಷಾಂಶ 16.8 ಡಿಗ್ರಿ. ಮೇ 8ರ ಸುಮಾರಿಗೆ ಸೂರ್ಯ ಇದನ್ನು ದಾಟಿ ಉತ್ತರಕ್ಕೆ ಹೋಗಿ ಆಗಸ್ಟ್ 5ರ ಸುಮಾರಿಗೆ ವಾಪಸು ಬರುತ್ತಾನೆ. ನಡುಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬರುವ ಈ ಎರಡು ಶೂನ್ಯ ನೆರಳಿನ ದಿನಗಳ ನಡುವೆ ಸರಿಯಾಗಿ ದಕ್ಷಿಣಕ್ಕೆ ನಿಂತ ಗೋಡೆಗೆ ಬೆಳಗಿನಿಂದ ಬೈಗಿನವರೆಗೆ ನೇರ ಬಿಸಿಲು ತಾಗುವುದೇ ಇಲ್ಲ. ಬೇಸಿಗೆ ರಜೆಗೆ ಬಂದವರ ಚಿತ್ರಗಳಲ್ಲಿ ಆಕಾಶ ಬೆಳ್ಳಗೆ, ಕಟ್ಟಡ ಕಪ್ಪಗೆ ಕಾಣುವುದಕ್ಕೆ ಕಾರಣ ಕ್ಯಾಮೆರಾ ಅಲ್ಲ.

ಡಿಸೆಂಬರ್‌ನಲ್ಲಿ ನಡುಮಧ್ಯಾಹ್ನವೂ ಸೂರ್ಯ 50 ಡಿಗ್ರಿಗಿಂತ ಮೇಲೇರುವುದಿಲ್ಲ. ಮುಂಚಾಚಿದ ಸೂರಿನ ನೆರಳು ಆಗ ಅದರ ಚಾಚಿನ 1.2 ಪಟ್ಟು ಮಾತ್ರ ಕೆಳಗಿಳಿಯುತ್ತದೆ. ಅದೇ ಮಾರ್ಚ್ 21ರ ಮಧ್ಯಾಹ್ನ 3.3 ಪಟ್ಟು, ಗೋಡೆಯ ಮೇಲ್ಭಾಗವನ್ನೇ ನುಂಗುತ್ತದೆ. ಮೂಲೆಯ ಎಂಟು ಮೂಲೆಗಳ ಗೋಪುರಗಳು ಚಳಿಗಾಲದ ಬೆಳಗಿನ 8–9ಕ್ಕೆ ಚೆನ್ನ, ಒಂದೊಂದು ಮಗ್ಗುಲು ಒಂದೊಂದು ಬಗೆಯ ಬೆಳಕಿನಲ್ಲಿರುತ್ತದೆ.

ಇಬ್ರಾಹಿಂ ರೋಜಾದಲ್ಲಿ ಸಮಾಧಿ ಪೂರ್ವಕ್ಕೆ, ಮಸೀದಿ ಪಶ್ಚಿಮಕ್ಕೆ, ಎದುರುಬದುರು. ಬೆಳಿಗ್ಗೆ ಮಸೀದಿಯ ಮುಖ, ಸಂಜೆ ಸಮಾಧಿಯ ಪಶ್ಚಿಮದ ಮುಖ. ಎರಡೂ ಒಂದೇ ಭೇಟಿಯಲ್ಲಿ ಆಗುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡರೆ ಒಳ್ಳೆಯದು. ಇಲ್ಲಿಯ ಕರಿಕಲ್ಲನ್ನು ಕ್ಯಾಮೆರಾದ ಬೆಳಕಿನ ಮೀಟರ್ ಬೂದಿ ಬಣ್ಣಕ್ಕೆ ಎಳೆಯುತ್ತದೆ, ಮೈನಸ್ 0.7 ಸ್ಟಾಪ್ ಕೊಡಬೇಕು. ಅರ್ಧಕ್ಕೇ ನಿಂತ ಸಮಾಧಿಯ ಕಮಾನುಗಳಾದ ಬಾರಾ ಕಮಾನಿಗೆ ಸೂರ್ಯ ಮುಳುಗಿ 10–20 ನಿಮಿಷದ ನೀಲಿಬೆಳಕು ಹೊಂದುತ್ತದೆ, ಆದರೆ ಮುಚ್ಚುವ ಹೊತ್ತನ್ನು ಕೇಳಿಕೊಂಡೇ ಹೋಗಿ. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು.

ಧೂಳು, ಹೊಲ, ಬಾಕಿ ಕೆಲಸ

ಏಪ್ರಿಲ್–ಮೇ ತಿಂಗಳ ಧೂಳಿನಲ್ಲಿ ಸೂರ್ಯ ದಿಗಂತ ಮುಟ್ಟುವ ಮೊದಲೇ ಮಂಕಾಗುತ್ತಾನೆ. ಮಳೆ ಬಿದ್ದ ಮರುದಿನದ ಬೆಳಗು ಸ್ವಚ್ಛ. ಎರೆ ಹೊಲಗಳ ಸೂರ್ಯಕಾಂತಿಗೂ ಪಟ್ಟಿಯಲ್ಲಿ ಜಾಗ ಕೊಟ್ಟಿದ್ದೇವೆ: ಪೂರ್ತಿ ಅರಳಿದ ಹೂವು ಸೂರ್ಯನ ಹಿಂದೆ ತಿರುಗುವುದಿಲ್ಲ, ಪೂರ್ವಕ್ಕೇ ನಿಲ್ಲುತ್ತದೆ. ಬೆಳಿಗ್ಗೆ ಪೂರ್ವದ ಬದುವಿನ ಮೇಲೆ ನಿಂತರೆ ಮುಖದ ಮೇಲೆ ಬೆಳಕು. ಸಂಜೆ ಅಲ್ಲೇ ನಿಂತರೆ ಬೆಳಕು ಹಿಂದಿನಿಂದ ಬಂದು ಎಸಳು ಹೊಳೆಯುತ್ತವೆ.

ಬೆಳಗಾವಿ ಮುಂದಿನದು. ಬಾದಾಮಿಯ ಸಮಯಗಳಿಗೆ 5 ನಿಮಿಷ ಕೂಡಿಸಿದರೆ ಬೆಳಗಾವಿ ನಗರಕ್ಕೆ ಹೊಂದುತ್ತವೆ. ಗೋಕಾಕ ಜಲಪಾತಕ್ಕೆ ಮಾತ್ರ ಗಡಿಯಾರ ಬೇಕಿಲ್ಲ, ಘಟಪ್ರಭೆ ತುಂಬಿ ಬರುವ ಮಳೆಗಾಲದಲ್ಲಿ ಮೋಡವೇ ದಿನವಿಡೀ ಬೆಳಕನ್ನು ಹರಡಿರುತ್ತದೆ. ಐಎಸ್‌ಒ 100, ಎಫ್/11ರಲ್ಲಿ ಮೋಡದ ದಿನ ಶಟರ್ 1/30 ಬರುತ್ತದೆ. ಎನ್‌ಡಿ 8 ಫಿಲ್ಟರ್ (ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುವ ಗಾಜು) ಹಾಕಿದರೆ 1/4 ಸೆಕೆಂಡ್. ನೀರಿನ ಎಳೆಗಳು ಇನ್ನೂ ಕಾಣುವಂತೆ ಇರಬೇಕಾದರೆ ಇದಕ್ಕಿಂತ ನಿಧಾನ ಬೇಡ. ತುಂತುರು ಎರಡು ನಿಮಿಷಕ್ಕೆ ಫಿಲ್ಟರ್ ಮೇಲೆ ಕೂತಿರುತ್ತದೆ, ಒಣಬಟ್ಟೆ ಎರಡು ಇಟ್ಟುಕೊಳ್ಳಿ.